ಹೆಸರು ಬೇಡ, ವಿಳಾಸ ಕೊಡಿ

ಅನ್ನಪೂರ್ಣೇಶ್ವರಿ ನಗರದಂತಹ ಬಡಾವಣೆಗಳಲ್ಲಿ ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟರೆ ಅದರ ಉಸ್ತುವಾರಿ ಬೀಳುವುದು ಹೆಚ್ಚಾಗಿ ಮನೆಯಲ್ಲಿರುವ ಹೆಂಗಸಿನ ಮೇಲೆಯೇ. ಯಜಮಾನರು ಬೆಳಿಗ್ಗೆ ಹೋದರೆ ರಾತ್ರಿ ಬರುವವರು. ನೀರಿನ ಮೋಟಾರ್ ಹಾಕುವುದು, ಬೆಸ್ಕಾಂ ಬಿಲ್ಲು ತೋರಿಸುವುದು, ಬಾಡಿಗೆ ಎಣಿಸಿಕೊಳ್ಳುವುದು ಎಲ್ಲವೂ ಅವಳದೇ ಕೆಲಸ. ಹೀಗಿರುವಾಗ ಮೇಲಿನ ಮನೆಯಲ್ಲಿರುವ ಪರದೇಶದ ಹುಡುಗ ಒಂದು ದಿನ ಬಂದು, "ಆಂಟಿ, ಬೈಕ್ ತೆಗೆದುಕೊಳ್ಳಬೇಕು, ಅಡ್ರೆಸ್ ಪ್ರೂಫ್ ಕೇಳುತ್ತಿದ್ದಾರೆ" ಎಂದರೆ ಏನು ಹೇಳಬೇಕು?

ಇದು ಊಹೆಯ ಪ್ರಶ್ನೆಯಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಇಲ್ಲಿಂದ ದೂರವಿಲ್ಲ. ಯೆಮನ್, ಸುಡಾನ್, ಅಫ್ಘಾನಿಸ್ತಾನದಂತಹ ದೇಶಗಳಿಂದ ಓದಲು ಬಂದ ಮಕ್ಕಳು ಈ ನಗರಕ್ಕೆ ಹೊಸಬರಲ್ಲ. 2021ರಲ್ಲಿ ಮೆಟ್ರೋದ ನೇರಳೆ ಮಾರ್ಗ ಕೆಂಗೇರಿಯವರೆಗೆ ಬಂತು ನಿಜ. ಆದರೆ ಅದು ಹೋಗುವುದು ಮೈಸೂರು ರಸ್ತೆಯ ಮೇಲೆ. ಒಳಗಿನ ಬಡಾವಣೆಯಿಂದ ಅಲ್ಲಿಗೆ ತಲುಪಲು ಮತ್ತೆ ಬಸ್ಸು, ಇಲ್ಲವೇ ಆಟೋ. ಹಾಗಾಗಿ ಹುಡುಗರು ಸೆಕೆಂಡ್ ಹ್ಯಾಂಡ್ ಬೈಕಿನ ಮೊರೆ ಹೋಗುತ್ತಾರೆ.

ಇಂತಹ ಮಾತು ಬಂದಾಗ ನಮ್ಮಲ್ಲಿ ಎರಡು ಬಗೆಯ ಉತ್ತರಗಳಿವೆ. ಒಂದು, "ಅದೆಲ್ಲ ನಮಗೆ ಬೇಡಪ್ಪಾ, ನೀನೇ ನೋಡಿಕೋ" ಎನ್ನುವುದು. ಇನ್ನೊಂದು ಮರುಕದ ಉತ್ತರ: "ಪಾಪ, ಪರಊರಿನ ಮಗು. ನನ್ನ ಮಗನ ಹೆಸರಿನಲ್ಲೇ ತೆಗೆದುಕೊಳ್ಳಲಿ, ಓಡಿಸುವುದು ಅವನೇ ತಾನೇ?" ಮೊದಲನೆಯದು ಅನ್ಯಾಯ. ಎರಡನೆಯದು ಅಪಾಯ.

ಅಪಾಯದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ವಾಹನದ ಆರ್‌ಸಿ ಯಾರ ಹೆಸರಿನಲ್ಲಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲಿಕರು. ಹಣ ಕೊಟ್ಟವರು ಯಾರು, ಓಡಿಸುವವರು ಯಾರು ಎಂಬುದು ಆಮೇಲಿನ ವಿಷಯ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತದ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಆ ವಾಹನ ಮಾರಾಟವಾಗಿ ಹಲವು ಕೈ ಬದಲಾಗಿತ್ತು, ಆದರೆ ಆರ್‌ಸಿಯಲ್ಲಿ ಹಳೆಯ ಹೆಸರೇ ಉಳಿದಿತ್ತು. ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದೇ ಎಂದು ನ್ಯಾಯಾಲಯ ಹೇಳಿತು. ಇದನ್ನು ನಿಮ್ಮ ಮಗನಿಗೆ ಹೊಂದಿಸಿ ನೋಡಿ. ಹುಡುಗ ಪರೀಕ್ಷೆ ಮುಗಿಸಿ ವಿಮಾನ ಹತ್ತಿ ಹೋಗಿರುತ್ತಾನೆ, ಬೈಕು ಯಾರದೋ ಕೈಗೆ ದಾಟಿರುತ್ತದೆ, ವಿಮೆ ಮುಗಿದಿರುತ್ತದೆ. ಅಪಘಾತವಾದರೆ ನ್ಯಾಯಾಲಯದ ಸಮನ್ಸ್ ಬರುವುದು ನಿಮ್ಮ ಬಾಗಿಲಿಗೆ. ಓಡಿಸುವವನ ಬಳಿ ಇಲ್ಲಿ ಮಾನ್ಯವಾದ ಚಾಲನಾ ಪರವಾನಗಿ ಇಲ್ಲದಿದ್ದರೆ, ಅವನಿಗೆ ಓಡಿಸಲು ಬಿಟ್ಟ ತಪ್ಪೂ ಮೋಟಾರು ವಾಹನ ಕಾಯ್ದೆಯ 5ನೇ ಕಲಮಿನಂತೆ ಮಾಲಿಕನದೇ. ಮರುಕಕ್ಕೂ ಒಂದು ಲೆಕ್ಕಾಚಾರ ಬೇಕು.

ಇನ್ನು ಅನ್ಯಾಯದ ಮಾತು. ಪರದೇಶಿಯರು ಇಲ್ಲಿ ಬೈಕ್ ಕೊಳ್ಳುವಂತಿಲ್ಲ ಎಂದು ಎಷ್ಟೋ ಜನ ನಂಬಿದ್ದಾರೆ. ಹಾಗೇನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 40ನೇ ಕಲಂ ನೋಂದಣಿಗೆ ನೋಡುವುದು ಮಾಲಿಕನ ವಾಸ ಅಥವಾ ವ್ಯವಹಾರ ಎಲ್ಲಿದೆ ಎಂಬುದನ್ನು; ಪೌರತ್ವವನ್ನಲ್ಲ. ಆದ್ದರಿಂದ ಇಡೀ ತೊಡಕು ಬಂದು ನಿಲ್ಲುವುದು ವಿಳಾಸದ ಮೇಲೆ. ಪಾಸ್‌ಪೋರ್ಟ್ ಇದೆ, ಆದರೆ ಅದರಲ್ಲಿ ಬೆಂಗಳೂರಿನ ವಿಳಾಸ ಇರುವುದಿಲ್ಲ. ಮತದಾರರ ಪಟ್ಟಿಯಲ್ಲಿ ಅವನ ಹೆಸರು ಇರಲು ಸಾಧ್ಯವೇ ಇಲ್ಲ. ಆಧಾರ್ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ಪರದೇಶಿಗೂ ಸಿಗಬಹುದು, ಆದರೆ ಆಗತಾನೇ ಬಂದವನಿಗೆ ಅದು ದೂರದ ಮಾತು.

ಅವನಿಗೆ ದಾರಿ ಇರುವುದು ಪರದೇಶಿಯರ ನೋಂದಣಿ ಕಚೇರಿಯ ಮೂಲಕ. ಎಫ್‌ಆರ್‌ಆರ್‌ಓ ಎನ್ನುತ್ತಾರಲ್ಲ, ಅದು. 2018ರಿಂದ ಅಲ್ಲಿನ ಹೆಚ್ಚಿನ ಕೆಲಸ ಕಂಪ್ಯೂಟರಿನಲ್ಲೇ ಆಗುತ್ತದೆ. 180 ದಿನಗಳಿಗಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ 14 ದಿನಗಳೊಳಗೆ ನೋಂದಾಯಿಸಿಕೊಳ್ಳಬೇಕು. ಆಗ ಸಿಗುವ ವಾಸದ ಪರ್ಮಿಟ್ಟಿನಲ್ಲಿ ಇಲ್ಲಿನ ವಿಳಾಸ ಅಚ್ಚಾಗಿರುತ್ತದೆ. ಪಾಸ್‌ಪೋರ್ಟ್, ವೀಸಾ, ಈ ಪರ್ಮಿಟ್, ಬಾಡಿಗೆ ಕರಾರು ಪತ್ರ ಇವಿಷ್ಟೂ ಕೈಯಲ್ಲಿದ್ದರೆ ಆರ್‌ಟಿಓ ಮುಂದೆ ಹೇಳಿಕೊಳ್ಳಲು ಒಂದು ನೆಲೆ ಸಿಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, ದಾಖಲೆ ಒದಗಿಸಲು ಆಗದವರಿಗೆ ನೋಟರಿ ಮುಂದೆ ಮಾಡಿದ ಪ್ರಮಾಣ ಪತ್ರದ ಅವಕಾಶವನ್ನೂ ಇಟ್ಟಿವೆ.

ಆದರೆ ಆ ಪರ್ಮಿಟ್ ಸಿಗಬೇಕಾದರೂ ಮೊದಲು ವಿಳಾಸದ ಆಧಾರ ಬೇಕು. ಹಾಸ್ಟೆಲಿನಲ್ಲಿ ಇರುವವನಿಗೆ ಕಾಲೇಜಿನ ಪತ್ರ ಸಾಕಾದೀತು. ಬಾಡಿಗೆ ಮನೆಯವನಿಗೆ? ಎಲ್ಲವೂ ಬಂದು ನಿಲ್ಲುವುದು ಮನೆ ಮಾಲಿಕರ ಸಹಿಯ ಬಳಿ.

ಬಾಡಿಗೆ ಬೇಕು, ಅಡ್ವಾನ್ಸ್ ಬೇಕು, ಆದರೆ ಕರಾರು ಪತ್ರ ಬೇಡ ಎನ್ನುವ ಮಾಲಿಕರು ನಮ್ಮಲ್ಲಿ ಕಡಿಮೆಯಿಲ್ಲ. ಕಾಗದ ಕೊಟ್ಟರೆ ಮನೆ ಅವನದಾಗುತ್ತದೆ ಎಂಬ ಭಯ ಕೆಲವರಿಗೆ. ನಿಜ ಅದಕ್ಕೆ ತದ್ವಿರುದ್ಧ. ಅವನು ಬಾಡಿಗೆದಾರ ಮಾತ್ರ, ಮಾಲಿಕ ನೀವು ಎಂದು ಅವನ ಸಹಿಯೊಂದಿಗೆ ಹೇಳುವುದೇ ಆ ಕಾಗದ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದಲೇ 11 ತಿಂಗಳ ಕರಾರು ರೂಢಿಗೆ ಬಂದಿದೆ. ಇನ್ನು ಕೆಲವರಿಗೆ ಆದಾಯ ತೆರಿಗೆಯ ಭಯ. ಬಾಡಿಗೆ ಆದಾಯವನ್ನು ತೋರಿಸಬೇಕಾದದ್ದು ಹೇಗೂ ನಮ್ಮ ಕರ್ತವ್ಯ; ಅದಕ್ಕಾಗಿ ಆ ಹುಡುಗನ ಕಾಗದ ತಡೆಯುವುದು ಯಾವ ನ್ಯಾಯ?

ಕರಾರಿನ ಜೊತೆಗೆ ಇನ್ನೊಂದು ಕೆಲಸವಿದೆ. ಅದು ಅವನಿಗೆ ಮಾಡುವ ಉಪಕಾರವಲ್ಲ, ನಮ್ಮದೇ ಕಡ್ಡಾಯ. ಪರದೇಶಿಯನ್ನು ಮನೆಯಲ್ಲಿ ಇರಿಸಿಕೊಂಡವರು ಅವನು ಬಂದ 24 ಗಂಟೆಗಳೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. ಜನರ ಬಾಯಲ್ಲಿ ಅದು 'ಸಿ ಫಾರಂ'. ಹೋಟೆಲುಗಳಿಗೆ ಮಾತ್ರ ಎಂದು ತಿಳಿದು ಸುಮ್ಮನಿರುವವರು ಬಹಳ. 1946ರ ಪರದೇಶಿಯರ ಕಾಯ್ದೆಯೂ ಸೇರಿದಂತೆ ನಾಲ್ಕು ಹಳೆಯ ಕಾಯ್ದೆಗಳ ಬದಲಿಗೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಈ ಹೊಣೆ ಅದರಲ್ಲೂ ಮುಂದುವರಿದಿದೆ. ಮನೆಯ ಮಗಳೋ ಸೊಸೆಯೋ ಮೊಬೈಲಿನಲ್ಲೇ ಇದನ್ನು ತುಂಬಬಹುದು. ತುಂಬಿದ್ದರ ಒಂದು ಪ್ರತಿ ತೆಗೆದು ಕರಾರು ಪತ್ರದೊಂದಿಗೆ ಇಟ್ಟುಕೊಳ್ಳಿ. ನಾಳೆ ಪೊಲೀಸರು ವಿಚಾರಿಸಿದರೆ ಗಾಬರಿಪಡುವ ಸಂದರ್ಭ ಬರುವುದಿಲ್ಲ.

ಕೊಡು ಕೊಳ್ಳುವಿಕೆಯನ್ನು ಬರೆದಿಡುವ ವಿಷಯ ನಮಗೆ ಹೊಸದಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರಾ ಅಧ್ಯಾಯದ 282ನೆಯದು, ಹೇಳುವುದು ಇದನ್ನೇ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯಬಲ್ಲವನು ಬರೆಯಲು ನಿರಾಕರಿಸಬಾರದು, ಸಾಕ್ಷಿಗೆ ಕರೆದಾಗ ಹಿಂಜರಿಯಬಾರದು ಎಂಬುದು ಅದರ ಆಶಯ. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನಿಗೂ ಒಂದು ಸ್ಥಾನವಿದೆ. ಇಲ್ಲಿ ಅವನು ನಮ್ಮಿಂದ ಹಣವನ್ನೇನೂ ಕೇಳುತ್ತಿಲ್ಲ.

ಕಾಗದವಿಲ್ಲದವನ ಕಷ್ಟ ನಮ್ಮ ಮನೆಗಳಿಗೆ ಚೆನ್ನಾಗಿ ಗೊತ್ತು. ಇಕಾಮ ಕೈಗೆ ಬರುವವರೆಗೆ ಸೌದಿಯಲ್ಲಿ ಕಾರು ಕೊಳ್ಳಲಾಗದೆ ಕಾದ ಗಂಡ, ಅಣ್ಣ, ಭಾವ ಎಷ್ಟು ಮನೆಗಳಲ್ಲಿಲ್ಲ! ಅಷ್ಟು ದೂರವೇಕೆ, ಇದೇ ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋಗಿ, ಹೆಸರು ಹೇಳಿದ ಕೂಡಲೇ "ಮನೆ ಆಗಲೇ ಕೊಟ್ಟಾಯ್ತು" ಎಂಬ ಉತ್ತರ ಕೇಳಿ ಮರಳಿದವರು ನಮ್ಮವರೇ. ಮದುವೆಯಾಗಿ ಬೇರೆ ಊರಿನಿಂದ ಬಂದ ಸೊಸೆಗೆ ಸ್ಕೂಟರ್ ಕೊಡಿಸುವಾಗಲೂ ಇದೇ ತಾಪತ್ರಯ. ಅವಳ ದಾಖಲೆಗಳೆಲ್ಲ ತವರಿನ ವಿಳಾಸದಲ್ಲಿರುತ್ತವೆ. ಕೊನೆಗೆ "ಗಂಡನ ಹೆಸರಲ್ಲೇ ಇರಲಿ ಬಿಡಿ" ಎಂದು ಮುಗಿಸುತ್ತಾರೆ. ಅವಳೂ ತನ್ನ ವಿಳಾಸ ಬದಲಿಸಿಕೊಂಡು ಆರ್‌ಸಿಯನ್ನು ತನ್ನ ಹೆಸರಿಗೇ ಮಾಡಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಮೇಲಿನ ಮನೆಯ ಹುಡುಗನಿಗೆ ಒಂದೆರಡು ಮಾತು ನೀವೇ ಹೇಳಬೇಕು, ಅವನಿಗೆ ಇಲ್ಲಿ ಹೇಳುವವರು ಯಾರಿದ್ದಾರೆ? ಹಳೆಯ ಬೈಕ್ ಕೊಂಡರೆ ಕೀ ಮತ್ತು ಆರ್‌ಸಿ ಕೈಗೆ ಬಂದರೆ ಸಾಲದು. ಮಾರಿದವನು ಮತ್ತು ಅವನು ಫಾರಂ 29 ಹಾಗೂ 30ಕ್ಕೆ ಸಹಿ ಹಾಕಿ 30 ದಿನಗಳೊಳಗೆ ವರ್ಗಾವಣೆ ಆಗುವಂತೆ ನೋಡಿಕೊಳ್ಳಬೇಕು. ವಿಮೆಯೂ ಅವನ ಹೆಸರಿಗೆ ಬರಬೇಕು. ಮನೆ ಬದಲಿಸಿದರೆ ಹೊಸ ವಿಳಾಸವನ್ನು 30 ದಿನಗಳಲ್ಲಿ ಆರ್‌ಟಿಓಗೆ ತಿಳಿಸಬೇಕು, ಇಲ್ಲದಿದ್ದರೆ ಅವನ ಸಿಗ್ನಲ್ ಜಿಗಿತದ ನೋಟಿಸುಗಳೆಲ್ಲ ನಿಮ್ಮ ಗೇಟಿಗೇ ಬಂದು ಬೀಳುತ್ತವೆ. ಓದು ಮುಗಿಸಿ ಊರಿಗೆ ಹೊರಡುವಾಗ ಬೈಕನ್ನು ಗೆಳೆಯನಿಗೆ ಸುಮ್ಮನೆ ಬಿಟ್ಟುಹೋಗುವವರೇ ಹೆಚ್ಚು. ಅಡ್ವಾನ್ಸ್ ಎಣಿಸಿ ಹಿಂದಿರುಗಿಸುವ ದಿನ ಮನೆಯ ಬೀಗದ ಕೈ ಕೇಳುತ್ತೀರಲ್ಲ, ಅದರ ಜೊತೆಗೇ ಬೈಕಿನ ಆರ್‌ಸಿ ಯಾರ ಹೆಸರಿಗಾಯಿತು ಎಂದೂ ಕೇಳಿ.