ಲಿವರ್ ಇದೆ, ಶಾಫ್ಟ್ ಇದೆಯೇ?

ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ ಹಳೆ ಜೀಪುಗಳ ಮಾತು ಶುರುವಾಗುತ್ತದೆ. ಹೋದ ಮಳೆಗಾಲದ ಪಡಿಪಾಟಲು ಆಗ ಇನ್ನೂ ಮರೆತಿರುವುದಿಲ್ಲ. ಈ ಸಲ, ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿರುವ ನನ್ನ ತಂಗಿಯ ಮಗ ಮೊಬೈಲಿಗೆ ಮೂರು ಚಿತ್ರ ಕಳಿಸಿ, "ಮಾವ, ಇದ್ರಲ್ಲಿ ಯಾವ್ದು ತಗೊಳ್ಲಿ?" ಎಂದು ಕೇಳಿದ. ಮೂರೂ ಇಪ್ಪತ್ತು ವರ್ಷ ದಾಟಿದ ಫೋರ್ ವೀಲ್ ಜೀಪುಗಳು. ನಮ್ಮ ಮನೆಗೆ ಅಂಥದೇ ಒಂದು ಹಳೆ ಎಂಎಂ 540 ಬಂದು ಈ ವರ್ಷಕ್ಕೆ ಎರಡು ದಶಕವಾಯಿತು. ಅವನಿಗೆ ಉತ್ತರ ಕೊಡುವ ನೆಪದಲ್ಲಿ ಆ ಇಪ್ಪತ್ತು ವರ್ಷವನ್ನೂ ಅದರ ಹಿಂದಿನದನ್ನೂ ಒಮ್ಮೆ ತಿರುಗಿ ನೋಡಬೇಕೆನ್ನಿಸಿತು. ತೀರ್ಥಹಳ್ಳಿಯಿಂದ ಸೋಮವಾರಪೇಟೆಯವರೆಗೆ ಇದೇ ಪ್ರಶ್ನೆ ಹೊತ್ತ ಮನೆಗಳು ಬೇಕಾದಷ್ಟಿವೆ.

ಎಷ್ಟೋ ಊರಿಗೆ ರಸ್ತೆ ಬರುವ ಮೊದಲೇ ಜೀಪು ಬಂದಿತ್ತು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಮುಂಬೈಯಲ್ಲಿ ಜೋಡಿಸತೊಡಗಿತು. ಆಮೇಲೆ ಬಂದ ಸಿಜೆ-3ಬಿಯ ಉಬ್ಬಿದ ಬಾನೆಟ್ಟನ್ನು ಹಳಬರು ಇವತ್ತಿಗೂ ದೂರದಿಂದಲೇ ಗುರುತಿಸುತ್ತಾರೆ, ಒಳಗಿದ್ದ 2.2 ಲೀಟರಿನ ಪೆಟ್ರೋಲ್ ಎಂಜಿನ್ನು ಎತ್ತರವಾಗಿದ್ದುದರಿಂದ ಬಾನೆಟ್ಟೂ ಎತ್ತರವಾಯಿತು. ಆ ಎಂಜಿನ್ನಿನ ಪೆಟ್ರೋಲ್ ದಾಹ ತೀರಿಸುವುದು ದೊಡ್ಡ ತೋಟದವರಿಗೆ ಮಾತ್ರ ಸಾಧ್ಯವಿತ್ತು. ಸಣ್ಣ ಹಿಡುವಳಿಯವರ ಅಂಗಳಕ್ಕೆ ಜೀಪು ಇಳಿದದ್ದು ಪ್ಯೂಜೊ ಮೂಲದ ಡೀಸೆಲ್ ಎಂಜಿನ್ನು ಬಂದ ಮೇಲೆ, 80ರ ದಶಕದ ಎಂಎಂ 540ರಂಥ ಗಾಡಿಗಳೊಂದಿಗೆ. ಅದೇ ದಶಕದ ನಡುವೆ, 1985ರ ಡಿಸೆಂಬರಿನಲ್ಲಿ ಮಾರುತಿಯ ಜಿಪ್ಸಿ ಬಂತು. ಮೊದಲು 970 ಸಿಸಿ, 1996ರಿಂದ 1.3 ಲೀಟರು. ಮೈ ಹಗುರ, ಹಾಗಾಗಿ ಜಾರು ಮಣ್ಣಿನಲ್ಲಿ ಅದರ ಸಮ ಇನ್ನೊಂದಿರಲಿಲ್ಲ. ಆದರೆ ಎಂಟು ಮೂಟೆ ಗೊಬ್ಬರ ಹೇರಿ ಏರು ಹತ್ತಿಸುವಾಗ ಡೀಸೆಲ್ ಜೀಪಿನ ತಾಳ್ಮೆ ಅದಕ್ಕಿರಲಿಲ್ಲ ಎಂಬುದು ನನ್ನ ಅನುಭವ. 2019ರಲ್ಲಿ ಜನಸಾಮಾನ್ಯರಿಗೆ ಜಿಪ್ಸಿ ಮಾರುವುದೂ ನಿಂತಿತು. 2010ರಲ್ಲಿ ಬಂದ ಥಾರ್, 2020ರ ಅಕ್ಟೋಬರಿನಲ್ಲಿ ಬಂದ ಅದರ ಹೊಸ ರೂಪ ಇವೆಲ್ಲ ಒಳ್ಳೆಯ ಗಾಡಿಗಳೇ. ಆದರೆ ಹೊಸದರ ಬೆಲೆಗೆ ಅರ್ಧ ಎಕರೆ ತೋಟಕ್ಕೆ ಬೇಲಿ, ನೀರು ಎಲ್ಲ ಮಾಡಿಸಿ ಇನ್ನೂ ಉಳಿಸಬಹುದು. ಹೀಗಾಗಿ ಹಳೆಯದರ ಕಡೆಗೇ ಕಣ್ಣು ಹೋಗುತ್ತದೆ.

ಹಳೆಯದರಲ್ಲಿ ಮೊದಲ ಮೋಸ ಲಿವರಿನದು. ಮುಖ್ಯ ಗೇರಿನ ಪಕ್ಕದ ಸಣ್ಣ ಲಿವರು ಕಂಡ ಕೂಡಲೇ ಫೋರ್ ವೀಲ್ ಎಂದು ನಂಬಿಬಿಡುತ್ತೇವೆ. ಒಂದು ಕಾಲದಲ್ಲಿ ಡೀಸೆಲ್ ಉಳಿಸಲೆಂದೋ, ಸದ್ದು ತಾಳಲಾರದೆಯೋ, ಎಷ್ಟೋ ಜನ ಮುಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿಟ್ಟರು. ಬಿಚ್ಚಿದ್ದು ಕೊಟ್ಟಿಗೆಯ ಅಟ್ಟ ಸೇರಿತು, ಅಲ್ಲಿಂದ ಗುಜರಿಗೆ ಹೋಯಿತು. ಲಿವರು ಉಳಿಯಿತು. ನಾವು ಜೀಪು ಕೊಂಡಾಗ ಆದದ್ದೂ ಅದೇ. ತಗ್ಗಿನ ಗದ್ದೆಯ ಅಂಚಿನಲ್ಲಿ ಮೊದಲ ಸಲ ಲಿವರು ಹಾಕಿದಾಗ ಹಿಂದಿನ ಚಕ್ರಗಳು ಕೆಸರು ತೋಡಿದವು, ಮುಂದಿನವು ಸುಮ್ಮನೆ ನಿಂತಿದ್ದವು. ಅವತ್ತು ಜೀಪಿನಡಿ ಮಲಗಿ ನೋಡಿದ ಮೆಕ್ಯಾನಿಕ್ ಹೇಳಿದ್ದು ನನಗಿನ್ನೂ ನೆನಪಿದೆ: "ಅಣ್ಣಾ, ತಗೊಳ್ಳೋ ಮೊದ್ಲು ಒಂದ್ಸಲ ಹೀಗೆ ಮಲಗಿದ್ರೆ ಸಾಕಿತ್ತಲ್ಲ."

ಅಲ್ಲಿಂದೀಚೆಗೆ ನಾನು ಯಾರ ಜೀಪು ನೋಡಲು ಹೋದರೂ ಗೋಣಿಚೀಲ ಒಯ್ಯುತ್ತೇನೆ. ಹಾಸಿಕೊಂಡು ಕೆಳಗೆ ಮಲಗಿದರೆ ಗಾಡಿಯ ಜಾತಕವೆಲ್ಲ ಅಲ್ಲೇ ಇದೆ. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಉಲಿಯುತ್ತದೆ. ತುಕ್ಕು ತಿಂದ ಜಾಗ ಮಡಕೆಯ ಹಾಗೆ. ಅಡಿಕೆ ಸೀಮೆಯ ಜೀಪಾದರೆ ಹಿಂಬದಿಯ ತಳವನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಕಾಲದಲ್ಲಿ ಮೈಲುತುತ್ತಿನ ಡ್ರಮ್ಮು ಹೊತ್ತ ಜೀಪುಗಳಿವು. ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ, ಅದಕ್ಕೇ ನಮ್ಮ ಹಿರಿಯರು ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸುತ್ತಿರಲಿಲ್ಲ. ಡ್ರಮ್ಮಿನಿಂದ ತುಳುಕಿದ್ದು ತಳದ ತಗಡಿಗಿಳಿದು, ಅಲ್ಲಿಂದ ಬೆಸುಗೆಯ ಸಂದಿಗೆ ಹೋಗಿ, ಹೊಸ ಬಣ್ಣದ ಕೆಳಗೆ ವರ್ಷಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಗೊಬ್ಬರದ ಉಪ್ಪೂ ಹಾಗೇ. ಹೊಳೆಯುವ ಬಣ್ಣ ಕಂಡರೆ ನನಗೆ ಈಗ ಅನುಮಾನವೇ ಮೊದಲು ಬರುತ್ತದೆ.

ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಆಯಿಲ್ ಬೋಲ್ಟು ಸಡಿಲಿಸಿ ಒಂದು ಹನಿ ಬೆರಳಿಗೆ ಹಚ್ಚಿ ನೋಡಬೇಕು. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ಗಾಡಿ ಹಳ್ಳದಲ್ಲಿ ಮುಳುಗಿ ಎದ್ದಿದೆ, ಒಳಗೆ ನೀರು ಸೇರಿದೆ. ನಾಲ್ಕೂ ಟೈರು ಒಂದೇ ಅಳತೆಯವೇ ಎಂಬುದು ಚಂದದ ಪ್ರಶ್ನೆಯಷ್ಟೇ ಅಲ್ಲ. ಈ ಜೀಪುಗಳಲ್ಲಿ ಲಿವರು ಹಾಕಿದಾಗ ಮುಂದಿನ, ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ನಡುವೆ ಡಿಫರೆನ್ಷಿಯಲ್ ಇಲ್ಲ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಹಾಗೇ ಓಡಿಸಿದರೆ, ಇಲ್ಲವೇ ಟೈರು ಚಿಕ್ಕದು ದೊಡ್ಡದು ಇದ್ದರೆ, ಆ ಹಟವೆಲ್ಲ ಗೇರಿನ ಹಲ್ಲಿನ ಮೇಲೆ ಬೀಳುತ್ತದೆ. ಬೇರೆ ಬೇರೆ ಜೀಪಿನ ಆಕ್ಸಲ್ಲು ತಂದು ಟೂ ವೀಲನ್ನು ಫೋರ್ ವೀಲ್ ಮಾಡಿದ ಗಾಡಿಗಳಲ್ಲಿ ಮುಂದಿನ ಕ್ರೌನ್ ಪಿನಿಯನ್ನಿನ ಲೆಕ್ಕ ಹಿಂದಿನದಕ್ಕೆ ಹೊಂದದೆಯೂ ಇರಬಹುದು.

ಎಂಜಿನ್ನು ಕೊನೆಗೆ. ಮಾರುವವರ ಮನೆಗೆ ಹೇಳದೆ ಬೆಳಿಗ್ಗೆಯೇ ಹೋಗಿ ತಣ್ಣಗಿರುವಾಗ ಚಾಲೂ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಹೊಗೆ ದಬದಬ ಎಂದು ಬಂದರೆ ಬ್ಯಾಕ್ ಕಂಪ್ರೆಷನ್, ಪಿಸ್ಟನ್ ರಿಂಗು ಸವೆದಿದೆ. ಅದು ರಿಪೇರಿಯಾಗುವ ಕಾಯಿಲೆ. ಚಾಸಿಯದು ಹಾಗಲ್ಲ.

ಕಾಗದದ ಮಾತು ಇನ್ನೂ ಬಿಗಿ. ಖಾಸಗಿ ವಾಹನದ ಆರ್‌ಸಿಗೆ ಹದಿನೈದು ವರ್ಷ ಆಯುಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಕಾರು-ಜೀಪುಗಳಿಗೆ 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. 2025ರಲ್ಲಿ, ಇಪ್ಪತ್ತು ವರ್ಷ ದಾಟಿದವಕ್ಕೆ 10,000. ದೆಹಲಿ ಸುತ್ತ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿನವು ಎನ್‌ಒಸಿ ಹಿಡಿದು ದಕ್ಷಿಣಕ್ಕೆ ಬರುತ್ತಿವೆ. ಬೆಲೆ ಕಡಿಮೆ ಎನಿಸಿದರೂ ಇಲ್ಲಿ ತೆರಿಗೆ ಮತ್ತೆ ಕಟ್ಟಬೇಕು. ಹರಿಯಾಣದ ಡಬ್ವಾಲಿಯಲ್ಲಿ ಹೊಸದಾಗಿ ಕಟ್ಟಿದ ತೆರೆದ ಜೀಪುಗಳು ಕಣ್ಣಿಗೆ ಹಬ್ಬ. ಆದರೆ ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲೇ ಹೇಳಿದೆ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅದು ಆರ್‌ಸಿಯ ನಂಬರಿಗೆ ತಾಳೆಯಾಗದಿದ್ದರೆ ಮಾತು ಮುಗಿಯಿತು, ಕಾಫಿ ಕುಡಿದು ಎದ್ದು ಬನ್ನಿ.

ಶುಲ್ಕದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಿದೆ. ಹೊಗೆ ಉಗುಳುವ, ಬ್ರೇಕು ಹಿಡಿಯದ ಗಾಡಿ ರಸ್ತೆಗಿಳಿಯಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲೇ ಜೀಪಿನ ಹಿಂದೆ ಹತ್ತು ಜನ ಕೂಲಿ ಹೆಂಗಸರನ್ನು ನಿಲ್ಲಿಸಿಕೊಂಡು ತಿರುವಿನಲ್ಲಿ ಇಳಿಯುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದನ್ನು ಯಾವ ಅನಿವಾರ್ಯವೂ ಸಮರ್ಥಿಸಲಾರದು. ಆದರೆ ಪರೀಕ್ಷೆ ಗಾಡಿಯ ಸ್ಥಿತಿಗೆ ಇರಲಿ. ಮನೆಯಿಂದ ಟಾರು ರಸ್ತೆಯವರೆಗೆ ಮೂರು ಕಿಲೋಮೀಟರು, ಅದೂ ಮಳೆಗಾಲದ ನಾಲ್ಕು ತಿಂಗಳು ಓಡುವ ಜೀಪಿಗೂ ನಗರದಲ್ಲಿ ದಿನವಿಡೀ ಸುತ್ತುವ ಕಾರಿಗೂ ವಯಸ್ಸೊಂದೇ ಅಳತೆಗೋಲಾದರೆ ಎರಡೆಕರೆಯವನಿಗೆ ಅನ್ಯಾಯವಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಂಥ ಸೀಮೆಯ ಒಂಟಿಮನೆಗೆ ಆಸ್ಪತ್ರೆಯ ಆಂಬುಲೆನ್ಸು ಬರುವುದು ಟಾರು ರಸ್ತೆಯವರೆಗೆ. ಅಲ್ಲಿಯವರೆಗಿನ ಆಂಬುಲೆನ್ಸು ಜೀಪೇ. ನಮ್ಮದು ಈ ಇಪ್ಪತ್ತು ವರ್ಷದಲ್ಲಿ ಇಬ್ಬರು ಬಾಣಂತಿಯರನ್ನು ಮನೆ ಮುಟ್ಟಿಸಿದೆ, ಹಾವು ಕಚ್ಚಿದ ಒಬ್ಬ ಹುಡುಗನನ್ನು ಪುಷ್ಯ ಮಳೆಯ ನಡುರಾತ್ರಿ ರಸ್ತೆಗೆ ತಲುಪಿಸಿದೆ. ಆ ಹುಡುಗನಿಗೆ ಈಗ ಮದುವೆಯಾಗಿದೆ.

ಜೀಪಿನ ಬದಲು ಎಟಿವಿ ಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಬೈಕಿನ ಹಾಗೆ ಕಾಲು ಹರವಿ ಕೂತು ಓಡಿಸುವ ಆ ನಾಲ್ಕು ಚಕ್ರದ ಗಾಡಿ ಜೀಪು ನುಗ್ಗದ ಸಾಲಿನ ನಡುವೆಯೂ ನುಗ್ಗುತ್ತದೆ. ಆದರೆ ನಮ್ಮಲ್ಲಿ ಅಂಥ ಹೆಚ್ಚಿನ ಗಾಡಿಗಳನ್ನು ಸಾರ್ವಜನಿಕ ರಸ್ತೆಗೆ ನೋಂದಾಯಿಸಲು ಬರುವುದಿಲ್ಲ. ಬೇಲಿಯೊಳಗಿನ ಕೆಲಸಕ್ಕೆ ಸರಿ, ಸೊಸೈಟಿಗೂ ಸಂತೆಗೂ ಆಗದು.

ಇಷ್ಟೆಲ್ಲ ನೋಡಿದ ಮೇಲೂ ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಲೆಕ್ಕ. ಈ ಇಪ್ಪತ್ತು ವರ್ಷ ನಮ್ಮ ಜೀಪು ಬದುಕಿದ್ದು ಕಂಪನಿಯಿಂದಲ್ಲ, ಪೇಟೆಯ ಶೆಡ್ಡಿನ ಒಬ್ಬ ಮನುಷ್ಯನಿಂದ. ಜಾಯಿಂಟ್ ಕ್ರಾಸು ಸವೆದದ್ದನ್ನು ಸದ್ದಿನಲ್ಲೇ ಹೇಳುತ್ತಿದ್ದ, ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆಸಿ ಹಾಕುತ್ತಿದ್ದ. ಈಗ ಅವನಿಗೆ ಅರವತ್ತೈದು, ಕಣ್ಣು ಮಂಜು. ಅವನ ಶೆಡ್ಡಿನಲ್ಲಿ ಕಲಿತ ಹುಡುಗರು ಊರು ಬಿಟ್ಟು ಶೋರೂಮು ಸೇರಿದ್ದಾರೆ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳಿರುವ ಕಡೆ ಈ ವಿದ್ಯೆ ಇನ್ನೂ ಕೈಯಲ್ಲಿದೆ, ಏಕೆಂದರೆ ಅಲ್ಲಿ ದಿನಾ ಏನಾದರೂ ಮುರಿಯುತ್ತದೆ. ಉಳಿದೆಡೆ ಹಳೆ ಜೀಪು ಕೊಳ್ಳುವವರು ಗಾಡಿ ನೋಡುವ ಮೊದಲು ಹತ್ತು ಮೈಲಿಯೊಳಗೆ ಅದನ್ನು ಬಿಚ್ಚಿ ಕೂಡಿಸಬಲ್ಲವರು ಯಾರಿದ್ದಾರೆ ಎಂದು ವಿಚಾರಿಸಬೇಕು. ಯಾರೂ ಇಲ್ಲವೆಂದಾದರೆ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಅಳಿಯ ಕಳಿಸಿದ ಮೂರರಲ್ಲಿ ದೆಹಲಿಯದನ್ನು ಕಾಗದದ ಕಾರಣಕ್ಕೆ ಬಿಡಿಸಿದೆ. ಕೆಂಪು ಬಣ್ಣದ್ದರ ಚಾಸಿ ಮಡಕೆಯ ಹಾಗೆ ಉಲಿಯಿತು. ಮೂರನೆಯದು ಪಕ್ಕದ ಹೋಬಳಿಯದು: ಬಣ್ಣ ಮಾಸಿದೆ, ಸೀಟು ಹರಿದಿದೆ, ಚಾಸಿ ಗಟ್ಟಿ, ಕಾಗದ ಸರಿ, ಮೊದಲ ಯಜಮಾನರ ಹೆಸರಿನಲ್ಲೇ ಇದೆ. ಮೆಕ್ಯಾನಿಕ್ ಕಣ್ಣು ಮಂಜಿದ್ದರೂ ಬಂದು ಕೆಳಗೆ ಕೈಯಾಡಿಸಿ ನೋಡಿದ. ಮುಂದಿನ ಶಾಫ್ಟು ಇಲ್ಲ. ಮನೆಯ ಅಜ್ಜಿ ಕೊಟ್ಟಿಗೆಯ ಅಟ್ಟದಲ್ಲಿ ಎಂಥದೋ ಕಬ್ಬಿಣದ ಉದ್ದ ಸಾಮಾನು ಬಿದ್ದಿದೆ ಎಂದರು. ಹುಡುಗ ಏಣಿ ತರಲು ಓಡಿದ.