ಗೆದ್ದವರು, ಸೋತವರು ಮತ್ತು ಸಿಸ್‌ಪ್ಲಾಟಿನ್

ಹೆಸರಾಂತ ಯಾರಿಗಾದರೂ ಕ್ಯಾನ್ಸರ್ ಬಂದರೆ ಸಾಕು, ನಮ್ಮ ಪತ್ರಿಕೆಗಳ ತಲೆಬರಹಗಳು ಕತ್ತಿ ಹಿರಿಯುತ್ತವೆ. ಗುಣವಾದರೆ ‘ಕ್ಯಾನ್ಸರ್ ಗೆದ್ದು ಬಂದ’, ತೀರಿಕೊಂಡರೆ ‘ಮಹಾಮಾರಿಗೆ ಬಲಿ’. ರಾತ್ರಿ ಪುಟ ಕಟ್ಟುವ ಉಪಸಂಪಾದಕನಿಗೆ ‘ಗೆದ್ದ’ಕ್ಕಿಂತ ಗಿಡ್ಡ ಕ್ರಿಯಾಪದ ಬೇರೆಲ್ಲಿ ಸಿಕ್ಕೀತು?

ಕ್ರಿಕೆಟಿಗ ಯುವರಾಜ್ ಸಿಂಗ್ ವಿಷಯವನ್ನೇ ನೋಡಿ. 2011ರ ವಿಶ್ವಕಪ್ಪನ್ನು ಕೆಮ್ಮುತ್ತಲೇ ಆಡಿ ಸರಣಿಶ್ರೇಷ್ಠರಾದರು. 2012ರಲ್ಲಿ ಅಮೆರಿಕದಲ್ಲಿ ಕಿಮೋಥೆರಪಿ ಮುಗಿಸಿ ಅದೇ ವರ್ಷ ಮೈದಾನಕ್ಕೆ ಮರಳಿದರು. ಛಲಗಾರ, ಅನುಮಾನವೇ ಇಲ್ಲ. ಆದರೆ ಅವರ ಎದೆಯಲ್ಲಿದ್ದದ್ದು ಸೆಮಿನೋಮಾ, ವೃಷಣ ಕ್ಯಾನ್ಸರ್ ಕುಲಕ್ಕೇ ಸೇರಿದ, ಕಿಮೋಗೆ ಚೆನ್ನಾಗಿ ಬಗ್ಗುವ ಜಾತಿಯ ಗಡ್ಡೆ. ಇಂಡಿಯಾನಾಪೊಲಿಸ್‌ನಲ್ಲಿ ಅವರಿಗೆ ಚಿಕಿತ್ಸೆ ಕೊಟ್ಟ ಡಾ. ಲಾರೆನ್ಸ್ ಐನ್‌ಹಾರ್ನ್, ಸಿಸ್‌ಪ್ಲಾಟಿನ್ ಬೆರೆತ ಔಷಧಿಗಳಿಂದ ಹರಡಿದ ವೃಷಣ ಕ್ಯಾನ್ಸರ್ ಕೂಡ ವಾಸಿಯಾಗುತ್ತದೆಂದು 1970ರ ದಶಕದಲ್ಲೇ ತೋರಿಸಿಕೊಟ್ಟವರು. ಅದಕ್ಕೂ ಮುಂಚೆ ಆ ಕಾಯಿಲೆ ಮೈತುಂಬ ಹರಡಿದ ಹುಡುಗರಲ್ಲಿ ಬದುಕಿ ಉಳಿದವರು ಕಡಿಮೆ. ಅವರಿಗೇನು ಛಲ ಇರಲಿಲ್ಲವೆ?

ನಟ ಇರ್ಫಾನ್ ಖಾನ್ ಅವರದು ಇನ್ನೊಂದೇ ಬಗೆ. ಅಪರೂಪದ ನ್ಯೂರೋಎಂಡೊಕ್ರೈನ್ ಗಡ್ಡೆ. 2018ರಲ್ಲಿ ಲಂಡನ್ನಿನಿಂದ ಅವರು ಬರೆದ ಪತ್ರದಲ್ಲಿ ರೈಲು ಬರುತ್ತದೆ: ಏನೇನೋ ಕನಸು ಕಟ್ಟಿಕೊಂಡು ಜೋರಾಗಿ ಹೋಗುತ್ತಿರುವಾಗ ಟಿಕೆಟ್ ಕಲೆಕ್ಟರ್ ಭುಜ ತಟ್ಟಿ ‘ನಿಮ್ಮ ಸ್ಟೇಷನ್ ಬಂತು, ಇಳಿಯಿರಿ’ ಅನ್ನುತ್ತಾನೆ, ಇವರು ‘ಇಲ್ಲ, ಇನ್ನೂ ಬಂದಿಲ್ಲ’ ಅನ್ನುತ್ತಾರೆ. ಆಸ್ಪತ್ರೆಯ ಎದುರಿಗೇ ಲಾರ್ಡ್ಸ್ ಮೈದಾನ ಇದ್ದದ್ದೂ ಅದರಲ್ಲಿದೆ. ಆಮೇಲೆ ಇನ್ನೊಂದು ಸಿನಿಮಾವನ್ನೂ ಮುಗಿಸಿ, 2020ರ ಏಪ್ರಿಲ್ 29ರಂದು ಹೋದರು. ‘ಹೋರಾಟದಲ್ಲಿ ಸೋತ ಇರ್ಫಾನ್’ ಎಂಬ ಧಾಟಿಯ ವರದಿಗಳು ಆಗಲೂ ಬಂದವು. ರೈಲಿನ ಮಾತಾಡಿದವರನ್ನು ಎಳೆತಂದು ಕುಸ್ತಿ ಅಖಾಡದಲ್ಲಿ ಕೆಡವಿದ ಹಾಗೆ.

ಲೇಖಕಿ ಸೂಸನ್ ಸೊಂಟಾಗ್ ಇಂಥ ಯುದ್ಧದ ರೂಪಕಗಳನ್ನು 1978ರಲ್ಲೇ ಒಂದು ಸಣ್ಣ ಪುಸ್ತಕದಲ್ಲಿ ಜಾಲಾಡಿದ್ದರು, ತಮಗೂ ಸ್ತನ ಕ್ಯಾನ್ಸರ್ ಆಗಿತ್ತೆಂಬುದನ್ನು ಅದರಲ್ಲಿ ಹೇಳದೆಯೇ. ರೋಗಿಗೆ ರೂಪಕವೇ ಬೇಡ ಎಂಬ ಅವರ ಹಟವನ್ನು ನಾನು ಪೂರ್ತಿ ಒಪ್ಪಲಾರೆ. ‘ಬಿಡಲ್ಲ, ಒಂದು ಕೈ ನೋಡೇಬಿಡ್ತೀನಿ’ ಎಂದು ರೋಗಿಯೇ ಅಂದರೆ ಅದು ಅವರ ಹಕ್ಕು. ಪಕ್ಕದಲ್ಲಿ ನಿಂತವರು ‘ನೀನು ಮನಸ್ಸು ಗಟ್ಟಿ ಮಾಡ್ಕೋಬೇಕು’ ಎಂದು ದಿನವೂ ಹೇರಿದಾಗ ಕಥೆ ಬೇರೆ. ವಾಂತಿಯಾಗುತ್ತಿದೆ, ಸುಸ್ತಾಗಿದೆ ಎನ್ನಲೂ ಹಿಂಜರಿಕೆ. ಹೇಳಿದರೆ ಹೇಡಿಯಾದೆನೇ ಎಂಬ ಭಯ. ಕಿಮೋ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೇಳಿಸುವುದು ಬೇರೆ ಭಾಷೆ: ‘ಕೌಂಟ್ ಬಂತಾ?’ ‘ಇಲ್ಲ, ಬಿಳಿ ರಕ್ತಕಣ ಕಮ್ಮಿ ಇದೆಯಂತೆ, ಮುಂದಿನ ವಾರ ಬನ್ನಿ ಅಂದ್ರು.’ ‘ಕಾರ್ಡಲ್ಲಿ ಆಗತ್ತಾ, ಕೈಯಿಂದ ಕಟ್ಟಬೇಕಾ?’ ಇದರಲ್ಲಿ ಒಂದಾದರೂ ನಮ್ಮ ವರದಿಗಳಿಗೆ ಬರುತ್ತದೆಯೇ?

ಈ ಯುದ್ಧಭಾಷೆಯ ಇನ್ನೊಂದು ಪೆಟ್ಟು ಕಣ್ಣಿಗೆ ಬೀಳುವುದಿಲ್ಲ. ಡೇವಿಡ್ ಹೌಸರ್ ಮತ್ತು ನಾರ್ಬರ್ಟ್ ಶ್ವಾರ್ಜ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾನ್ಸರನ್ನು ಶತ್ರುವೆಂದು ಬಣ್ಣಿಸಿದ ಬರಹ ಓದಿದವರಲ್ಲಿ ಸಿಗರೇಟು, ಕುಡಿತದಂಥವನ್ನು ಕಮ್ಮಿ ಮಾಡುವ ಮನಸ್ಸೇ ಕುಂದಿತ್ತು. ಹೊರಗಿನಿಂದ ದಂಡೆತ್ತಿ ಬರುವ ವೈರಿಯ ಮೇಲೆ ಏರಿಹೋಗುವುದು ತಿಳಿದ ವಿದ್ಯೆ. ಜೇಬಿನಲ್ಲಿರುವುದನ್ನು ಬಿಡುವುದು ಯಾವ ಯುದ್ಧ? ಕರ್ನಾಟಕ ಗುಟ್ಕಾ ನಿಷೇಧಿಸಿದ್ದು 2013ರಲ್ಲಿ. ಈಗಲೂ ಬಸ್ ಸ್ಟ್ಯಾಂಡಿನ ಗೂಡಂಗಡಿಯಲ್ಲಿ ಪಾನ್ ಮಸಾಲೆಯದೊಂದು, ತಂಬಾಕಿನದೊಂದು ಚೀಟು ಅಕ್ಕಪಕ್ಕ ತೂಗುತ್ತವೆ. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಂಡರಾಯಿತು. ಅದೇ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಪೇಪರಿನಲ್ಲಿ ಯಾರೋ ಒಬ್ಬರು ಕ್ಯಾನ್ಸರ್ ಗೆದ್ದಿರುತ್ತಾರೆ.