ಬಡಾವಣೆಯ ಡೋನಟ್ ಅಂಗಡಿ ಮತ್ತು ಉತ್ತರಾಧಿಕಾರದ ಪ್ರಶ್ನೆ

ಅಮೆರಿಕದ ಸಣ್ಣ ವ್ಯಾಪಾರದ ಚರಿತ್ರೆಯಲ್ಲಿ ಬಡಾವಣೆಯ ಡೋನಟ್ ಅಂಗಡಿಗೆ ವಿಶಿಷ್ಟವಾದ ಸ್ಥಾನವಿದೆ. ಮೈದಾ, ಸಕ್ಕರೆ, ಮೊಟ್ಟೆ ಮತ್ತು ಯೀಸ್ಟ್ ಸೇರಿಸಿ ಕಲಸಿದ ಹಿಟ್ಟನ್ನು ಉದ್ದಿನ ವಡೆಯಂತೆ ನಡುವೆ ತೂತು ಮಾಡಿ, ಎಣ್ಣೆಯಲ್ಲಿ ಕರಿದು, ಮೇಲೆ ಸಕ್ಕರೆಯ ಪಾಕ ಹೊದಿಸಿದರೆ ಡೋನಟ್ ಸಿದ್ಧವಾಗುತ್ತದೆ. ಪದಾರ್ಥ ಸರಳ, ಬೆಲೆ ಅಲ್ಪ. ಆದರೆ ಬೆಳಕು ಹರಿಯುವ ಮುನ್ನವೇ ಬಾಗಿಲು ತೆರೆಯುತ್ತಿದ್ದ ಆ ಅಂಗಡಿಗಳಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು, ಗಸ್ತು ತಿರುಗುವ ಪೊಲೀಸರು, ಶಾಲೆಗೆ ಹೊರಟ ಮಕ್ಕಳು, ಕಾಫಿಯ ಲೋಟ ಹಿಡಿದು ಗಂಟೆಗಟ್ಟಲೆ ಹರಟುವ ನಿವೃತ್ತರು ಒಂದೇ ಸೂರಿನಡಿ ಸೇರುತ್ತಿದ್ದರು. ಮಾಲೀಕನಿಗೆ ಗಿರಾಕಿಯ ಹೆಸರೂ ಗೊತ್ತು, ಅವನ ರುಚಿಯೂ ಗೊತ್ತು. ಇಂತಹ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಅಲ್ಲಿನ ಹಿರಿಯರು ಅವುಗಳನ್ನು ವಾತ್ಸಲ್ಯದಿಂದ ನೆನೆಯುವುದು ಸಹಜವೇ ಆಗಿದೆ.

ಈ ಅವನತಿಗೆ ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ದೊಡ್ಡ ಕಂಪನಿಗಳ ಸರಣಿ ಮಳಿಗೆಗಳು ಚಿಕ್ಕವರನ್ನು ನುಂಗಿದವು. ಕೇಳಲು ಇದು ಸಮಂಜಸವೆನಿಸಿದರೂ ಅರ್ಧಸತ್ಯ ಮಾತ್ರ. ದಕ್ಷಿಣ ಕ್ಯಾಲಿಫೋರ್ನಿಯದ ಡೋನಟ್ ವ್ಯಾಪಾರದ ಇತಿಹಾಸವನ್ನು ಗಮನವಿಟ್ಟು ನೋಡಿದರೆ, ಸಣ್ಣ ಅಂಗಡಿಗಳು ದೊಡ್ಡವರ ಪೈಪೋಟಿಯನ್ನು ದಶಕಗಳ ಕಾಲ ಎದುರಿಸಿ ಗೆದ್ದ ಸಂಗತಿ ತಿಳಿಯುತ್ತದೆ. ಅವು ಸೋತದ್ದು ಬೇರೊಂದು ಲೆಕ್ಕದಲ್ಲಿ. ಆ ಲೆಕ್ಕ ಯಾವುದೆಂಬುದನ್ನು ಇಲ್ಲಿನ ವರ್ತಕರೂ ಸಣ್ಣ ಉದ್ದಿಮೆದಾರರೂ ಅರಿಯುವುದು ಅಗತ್ಯ.

ಯಂತ್ರದಿಂದ ಮಳಿಗೆಯವರೆಗೆ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಸಾಲ್ವೇಷನ್ ಆರ್ಮಿಯ ಸ್ವಯಂಸೇವಕಿಯರು ಫ್ರಾನ್ಸಿನ ರಣಭೂಮಿಯಲ್ಲಿದ್ದ ಅಮೆರಿಕದ ಸೈನಿಕರಿಗೆ ಡೋನಟ್ ಕರಿದು ಹಂಚಿದರು. ತಾಯ್ನಾಡಿಗೆ ಮರಳಿದ ಸೈನಿಕರು ಆ ರುಚಿಯನ್ನೂ ಜೊತೆಗೆ ತಂದರು. 1920ರಲ್ಲಿ ರಷ್ಯಾ ಮೂಲದ ವಲಸಿಗ ಅಡಾಲ್ಫ್ ಲೆವಿಟ್ ನ್ಯೂಯಾರ್ಕಿನಲ್ಲಿ ಡೋನಟ್ ತಯಾರಿಸುವ ಸ್ವಯಂಚಾಲಿತ ಯಂತ್ರವನ್ನು ರೂಪಿಸಿದರು. ಅಲ್ಲಿಂದ ಮುಂದೆ ಇದು ಮನೆಯ ತಿಂಡಿಯಾಗಿ ಉಳಿಯದೆ ಉದ್ಯಮವಾಯಿತು. 1937ರಲ್ಲಿ ವಿನ್‌ಸ್ಟನ್-ಸೇಲಂ ನಗರದಲ್ಲಿ ಕ್ರಿಸ್ಪಿ ಕ್ರೀಮ್, 1948ರಲ್ಲಿ ಕ್ಯಾಲಿಫೋರ್ನಿಯದಲ್ಲಿ ವಿಂಚೆಲ್ಸ್ ಆರಂಭವಾದವು. ಅದೇ 1948ರಲ್ಲಿ ವಿಲಿಯಂ ರೋಸನ್‌ಬರ್ಗ್ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ತೆರೆದ ಅಂಗಡಿ 1950ರಲ್ಲಿ ಡಂಕಿನ್ ಡೋನಟ್ಸ್ ಎಂಬ ಹೆಸರು ಪಡೆಯಿತು.

ರೋಸನ್‌ಬರ್ಗ್ ಮೊದಲು ಕಾರ್ಖಾನೆಗಳ ಕಾರ್ಮಿಕರಿಗೆ ವಾಹನಗಳಲ್ಲಿ ಊಟ-ತಿಂಡಿ ಒದಗಿಸುತ್ತಿದ್ದವರು. ಮಾರಾಟದ ದೊಡ್ಡ ಪಾಲು ಕಾಫಿ ಮತ್ತು ಡೋನಟ್‌ಗಳಿಂದಲೇ ಬರುತ್ತಿದೆಯೆಂಬುದನ್ನು ಲೆಕ್ಕದ ಪುಸ್ತಕದಿಂದ ಕಂಡುಕೊಂಡು, ಆ ಎರಡನ್ನೇ ಆಧರಿಸಿ ಮಳಿಗೆ ತೆರೆದರು. ಲೆಕ್ಕದ ಪುಸ್ತಕ ಹೇಳಿದ್ದನ್ನು ಕೇಳಿಸಿಕೊಂಡ ವ್ಯಾಪಾರಿಯ ಉದಾಹರಣೆಯಿದು.

ನಿರಾಶ್ರಿತರು ಕಟ್ಟಿದ ವ್ಯಾಪಾರ

1975ರ ಏಪ್ರಿಲ್‌ನಲ್ಲಿ ಕಾಂಬೋಡಿಯ ಖಮೇರ್ ರೂಜ್ ಪಡೆಗಳ ವಶವಾದಾಗ ಸಾವಿರಾರು ಕುಟುಂಬಗಳು ಬರಿಗೈಯಲ್ಲಿ ದೇಶ ತೊರೆದವು. ಹಾಗೆ ಕ್ಯಾಲಿಫೋರ್ನಿಯ ತಲುಪಿದವರಲ್ಲಿ ಟೆಡ್ ನ್ಗೊಯ್ ಒಬ್ಬರು. ಹಗಲು ಕಸ ಗುಡಿಸುವ ಕೆಲಸ, ರಾತ್ರಿ ಪೆಟ್ರೋಲ್ ಬಂಕಿನ ಕೆಲಸ. ಬಂಕಿನ ಬಳಿಯ ಅಂಗಡಿಯಿಂದ ಬರುತ್ತಿದ್ದ ಡೋನಟ್ ಪರಿಮಳ ಅವರನ್ನು ಆ ವ್ಯಾಪಾರದತ್ತ ಸೆಳೆಯಿತು. ವಿಂಚೆಲ್ಸ್ ಸಂಸ್ಥೆಯ ತರಬೇತಿ ಪಡೆದು, ಅದರ ಒಂದು ಮಳಿಗೆಯನ್ನು ನಡೆಸಿ, ಕೂಡಿಟ್ಟ ಹಣದಿಂದ 1977ರಲ್ಲಿ ಲಾ ಹಾಬ್ರಾ ಎಂಬಲ್ಲಿ ಕ್ರಿಸ್ಟೀಸ್ ಹೆಸರಿನ ಅಂಗಡಿಯನ್ನು ಕೊಂಡರು. ಮುಂದಿನ ವರ್ಷಗಳಲ್ಲಿ ಅವರ ಅಂಗಡಿಗಳು ಹತ್ತಾರಾದವು. ತಮ್ಮ ದೇಶದಿಂದ ಬಂದ ಕುಟುಂಬಗಳಿಗೆ ಕಸುಬು ಕಲಿಸಿ, ಅಂಗಡಿಗಳನ್ನು ಗುತ್ತಿಗೆಗೆ ವಹಿಸಿದರು. ಕಲಿತವರು ಮತ್ತೊಬ್ಬರಿಗೆ ಕಲಿಸಿದರು. ಕಾಲಕ್ರಮದಲ್ಲಿ ಲಾಸ್ ಏಂಜಲೀಸ್ ಪ್ರದೇಶದ ಸ್ವತಂತ್ರ ಡೋನಟ್ ಅಂಗಡಿಗಳಲ್ಲಿ ಬಹುಪಾಲು ಕಾಂಬೋಡಿಯ ಮೂಲದವರ ಕೈಗೆ ಬಂದವು. ನ್ಗೊಯ್ ಜೂಜಿನ ಚಟದಿಂದ ತಮ್ಮ ಸಂಪತ್ತನ್ನೆಲ್ಲ ಕಳೆದುಕೊಂಡರೆಂಬುದೂ ಈ ಕಥೆಯ ಭಾಗವೇ. ಅವರ ಜೀವನವನ್ನು ಕುರಿತು 2020ರಲ್ಲಿ ಒಂದು ಸಾಕ್ಷ್ಯಚಿತ್ರವೂ ತೆರೆಕಂಡಿತು. ವ್ಯಕ್ತಿ ಸೋತರೂ ಅವರು ಹಾಕಿದ ಪದ್ಧತಿ ಸೋಲಲಿಲ್ಲ.

ಈ ಪದ್ಧತಿಯ ಬಲ ಯಾವುದು? ಮೊದಲನೆಯದು, ಅಲ್ಪ ಬಂಡವಾಳ. ಹಿಟ್ಟು ಕಲಸುವ ಯಂತ್ರ, ಎಣ್ಣೆಯ ಬಾಣಲೆ, ಗಾಜಿನ ಕಪಾಟು ಇಷ್ಟಿದ್ದರೆ ವ್ಯಾಪಾರ ಆರಂಭಿಸಬಹುದಿತ್ತು. ಬ್ಯಾಂಕು ಸಾಲ ಕೊಡದ ಕಡೆ ಕಾಂಬೋಡಿಯದವರು ತಮ್ಮೊಳಗೇ ಚೀಟಿ ಹಾಕಿ ಹಣ ಒದಗಿಸಿಕೊಂಡರು. ಹತ್ತಾರು ಮಂದಿ ತಿಂಗಳಿಗಿಷ್ಟೆಂದು ಹಾಕಿ, ಸರದಿಯಂತೆ ಒಬ್ಬೊಬ್ಬರು ಮೊತ್ತವನ್ನು ಎತ್ತಿಕೊಳ್ಳುವ ಈ ಕ್ರಮ ಕರ್ನಾಟಕದ ವರ್ತಕರಿಗೆ ಹೊಸತೇನಲ್ಲ. ಎರಡನೆಯದು, ಕಟ್ಟುನಿಟ್ಟಾದ ಮಿತವ್ಯಯ. ಆ ಪ್ರದೇಶದ ಡೋನಟ್ ಅಂಗಡಿಗಳ ಗುರುತೇ ಆಗಿಹೋಗಿರುವ ಗುಲಾಬಿ ಬಣ್ಣದ ಪೆಟ್ಟಿಗೆ ಬಳಕೆಗೆ ಬಂದದ್ದು ಬಿಳಿಯ ಪೆಟ್ಟಿಗೆಗಿಂತ ಅದು ಕೆಲವು ಸೆಂಟುಗಳಷ್ಟು ಅಗ್ಗವಾಗಿದ್ದುದರಿಂದ ಎಂದು ಹೇಳಲಾಗುತ್ತದೆ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮನೆಯವರ ದುಡಿಮೆ. ನಡುರಾತ್ರಿ ಕಳೆದ ಮೇಲೆ ಗಂಡ ಹಿಟ್ಟು ಕಲಸುತ್ತಿದ್ದ, ಬೆಳಗಿನಿಂದ ಹೆಂಡತಿ ಗಲ್ಲಾದಲ್ಲಿ ಕೂರುತ್ತಿದ್ದಳು, ಮಕ್ಕಳು ಶಾಲೆಗೆ ಮುನ್ನವೂ ಅನಂತರವೂ ಪೆಟ್ಟಿಗೆ ಮಡಿಸುತ್ತಿದ್ದರು. ವರ್ಷದ ಎಲ್ಲ ದಿನವೂ ಅಂಗಡಿ ತೆರೆದಿರುತ್ತಿತ್ತು.

ಇಂತಹ ಅಂಗಡಿಗಳೊಡನೆ ಸ್ಪರ್ಧಿಸಲಾಗದೆ ಹಿಂದೆ ಸರಿದವರು ದೊಡ್ಡವರೇ ಎಂಬುದು ಗಮನಾರ್ಹ. ನ್ಗೊಯ್ ಅವರಿಗೆ ಕಸುಬು ಕಲಿಸಿದ ವಿಂಚೆಲ್ಸ್ ಸರಣಿಯೇ ಮುಂದೆ ಕುಗ್ಗುತ್ತ ಬಂದು, 2004ರಲ್ಲಿ ಬೇರೊಂದು ಡೋನಟ್ ಸಂಸ್ಥೆಯ ಪಾಲಾಯಿತು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯದಿಂದ ಕಾಲ್ತೆಗೆದಿದ್ದ ಡಂಕಿನ್, ದಕ್ಷಿಣ ಭಾಗದ ಸಾಂತಾ ಮೋನಿಕಾದಲ್ಲಿ ಮತ್ತೆ ಮಳಿಗೆ ತೆರೆದದ್ದು 2014ರಲ್ಲಿ.

ಕ್ಷೀಣತೆಯ ನಿಜವಾದ ಕಾರಣ

ಹಾಗಿದ್ದರೆ ಗೆದ್ದವರು ಈಗ ಅಂಗಡಿ ಮುಚ್ಚುತ್ತಿರುವುದೇಕೆ? ಬಾಡಿಗೆ ಏರಿತು. ಮೊಟ್ಟೆ, ಎಣ್ಣೆ, ಮೈದಾಗಳ ಬೆಲೆ ಏರಿತು. ಜನರಲ್ಲಿ ಸಕ್ಕರೆಯ ಬಗ್ಗೆ ಎಚ್ಚರ ಮೂಡಿತು. 2020ರ ಕೋವಿಡ್ ಪಿಡುಗಿನ ಬಳಿಕ ಬಹಳಷ್ಟು ನೌಕರರು ಮನೆಯಿಂದಲೇ ಕೆಲಸ ಮಾಡತೊಡಗಿ, ಕಚೇರಿಗೆ ಡಜನ್‌ಗಟ್ಟಲೆ ಡೋನಟ್ ಒಯ್ಯುವ ರೂಢಿ ಕುಂದಿತು. ಇವೆಲ್ಲವೂ ನಿಜವಾದ ಕಾರಣಗಳು. ಆದರೆ ಇವುಗಳೆಲ್ಲದರ ಕೆಳಗೆ ಮತ್ತೊಂದು ಕಾರಣವಿದೆ. 1970 ಮತ್ತು 80ರ ದಶಕಗಳಲ್ಲಿ ಅಂಗಡಿ ತೆರೆದವರು ವೃದ್ಧರಾದರು. ಅವರ ಮಕ್ಕಳು ವೈದ್ಯರು, ಎಂಜಿನಿಯರುಗಳು, ಲೆಕ್ಕಪರಿಶೋಧಕರು ಆದರು. ತಂದೆ-ತಾಯಿ ರಾತ್ರಿಯಿಡೀ ಬಾಣಲೆಯ ಮುಂದೆ ನಿಂತದ್ದೇ ಮಕ್ಕಳು ಅಲ್ಲಿ ನಿಲ್ಲಬಾರದೆಂಬ ಉದ್ದೇಶದಿಂದ. ಆ ಉದ್ದೇಶ ಈಡೇರಿತು. ಆದ್ದರಿಂದ ಅಂಗಡಿ ಅನಾಥವಾಯಿತು.

ಇದನ್ನು ವಿಫಲತೆಯೆಂದು ಕರೆಯುವುದು ಅನ್ಯಾಯ. ಕುಟುಂಬವೊಂದನ್ನು ಬಡತನದಿಂದ ಮೇಲೆತ್ತುವ ಏಣಿಯಾಗಿ ಡೋನಟ್ ಅಂಗಡಿ ತನ್ನ ಕೆಲಸವನ್ನು ಪೂರೈಸಿದೆ. ಆದರೆ ವ್ಯಾಪಾರದ ದೃಷ್ಟಿಯಿಂದ ಪ್ರಶ್ನೆ ಉಳಿದೇ ಇದೆ. ಮೂವತ್ತು ವರ್ಷ ಲಾಭ ತಂದ ಅಂಗಡಿಯನ್ನು ಕೊಳ್ಳಲು ಹೊರಗಿನವರು ಏಕೆ ಮುಂದೆ ಬರುವುದಿಲ್ಲ? ಉತ್ತರ ಲೆಕ್ಕದ ಪುಸ್ತಕದಲ್ಲಿಯೇ ಇದೆ. ಅಲ್ಲಿ ಮನೆಯವರ ದುಡಿಮೆಗೆ ಬೆಲೆ ಬರೆದಿರುವುದಿಲ್ಲ.

ಇಲ್ಲಿನ ಲೆಕ್ಕದಲ್ಲಿಯೇ ಒಂದು ಉದಾಹರಣೆ ನೋಡಬಹುದು. ಒಂದು ತಿಂಡಿ ಅಂಗಡಿ ವರ್ಷಕ್ಕೆ 6 ಲಕ್ಷ ರೂಪಾಯಿ ಲಾಭ ತೋರಿಸುತ್ತದೆ ಎಂದು ಭಾವಿಸಬಹುದು. ಅದರಲ್ಲಿ ಮನೆಯ ಮೂವರು ಸಂಬಳವಿಲ್ಲದೆ ದುಡಿಯುತ್ತಾರೆ. ಅವರ ಸ್ಥಾನದಲ್ಲಿ ತಿಂಗಳಿಗೆ ತಲಾ 15,000 ರೂಪಾಯಿ ಸಂಬಳಕ್ಕೆ ಮೂವರನ್ನು ನೇಮಿಸಿದರೆ ವರ್ಷದ ವೆಚ್ಚ 5 ಲಕ್ಷ 40 ಸಾವಿರ. ಉಳಿಯುವುದು 60 ಸಾವಿರ ಮಾತ್ರ. ಕೊಳ್ಳಲು ಬರುವವನು ನೋಡುವುದು ಈ 60 ಸಾವಿರವನ್ನು. ಮಾಲೀಕ ನಂಬಿಕೊಂಡಿರುವುದು ಆ 6 ಲಕ್ಷವನ್ನು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ಎಷ್ಟೋ ಹಳೆಯ ಅಂಗಡಿಗಳು ಕಣ್ಮರೆಯಾಗುತ್ತವೆ. ಪೈಪೋಟಿಯಲ್ಲಿ ಗೆಲ್ಲಿಸಿದ ಕಡಿಮೆ ಬೆಲೆಯೇ ಕೊನೆಗೆ ಅಂಗಡಿಯನ್ನು ಯಾರಿಗೂ ಬೇಡವಾದದ್ದನ್ನಾಗಿ ಮಾಡುತ್ತದೆ.

ನೆನಪಿನ ಬೆಲೆ

ಗಿರಾಕಿಗಳ ಪ್ರೀತಿಗೆ ಬೆಲೆಯಿಲ್ಲವೇ ಎಂದು ಕೇಳಬಹುದು. ಇದೆ. 2018ರಲ್ಲಿ ಕ್ಯಾಲಿಫೋರ್ನಿಯದ ಸೀಲ್ ಬೀಚ್ ಊರಿನ ಅಂಗಡಿಯೊಂದರ ಮಾಲೀಕರ ಪತ್ನಿ ತೀವ್ರ ಕಾಯಿಲೆಗೆ ತುತ್ತಾದರು. ದಂಪತಿಗಳಿಬ್ಬರೂ ದಶಕಗಳಿಂದ ಅಂಗಡಿಯನ್ನು ಜೊತೆಯಾಗಿ ನಡೆಸಿದವರು. ಹಣದ ನೆರವನ್ನು ಮಾಲೀಕರು ಒಪ್ಪಲಿಲ್ಲ. ಪತ್ನಿಯ ಬಳಿ ಕಳೆಯಲು ಹೆಚ್ಚು ಹೊತ್ತು ಸಿಕ್ಕರೆ ಸಾಕೆಂದರು. ಆಗ ಊರಿನವರು ಮುಂಜಾನೆಯೇ ಬಂದು ಡಜನ್‌ಗಟ್ಟಲೆ ಡೋನಟ್ ಕೊಳ್ಳತೊಡಗಿದರು. ಬೆಳಗಿನ ಹೊತ್ತಿಗೇ ಕಪಾಟು ಖಾಲಿಯಾಗಿ, ಮಾಲೀಕರು ಬೇಗನೆ ಬಾಗಿಲು ಹಾಕಿ ಪತ್ನಿಯ ಬಳಿಗೆ ಹೋಗಲು ಸಾಧ್ಯವಾಯಿತು. ಯಾವ ಜಾಹೀರಾತಿನಿಂದಲೂ ಕೊಳ್ಳಲಾಗದ ವಿಶ್ವಾಸವಿದು.

ಆದರೆ ಈ ಘಟನೆಯಲ್ಲಿ ಅಡಗಿರುವ ಇನ್ನೊಂದು ಸಂಗತಿಯನ್ನು ವರ್ತಕರು ಮರೆಯಬಾರದು. ಅಂಗಡಿ ಆ ಇಬ್ಬರ ದೇಹಬಲದ ಮೇಲೆಯೇ ನಿಂತಿತ್ತು. ಒಬ್ಬರು ಹಾಸಿಗೆ ಹಿಡಿದಾಗ ಮತ್ತೊಬ್ಬರಿಗೆ ಅಂಗಡಿ ಬಿಟ್ಟು ಹೋಗುವ ದಾರಿಯಿರಲಿಲ್ಲ. ಗಿರಾಕಿಗಳ ಔದಾರ್ಯ ಆ ಕೊರತೆಯನ್ನು ಕೆಲ ಕಾಲ ತುಂಬಿತು. ಪ್ರತಿಯೊಂದು ಅಂಗಡಿಗೂ ಅಂತಹ ಊರು ಸಿಗಲಾರದು. ಮುಚ್ಚಿದ ಬಾಗಿಲಿನ ಮುಂದೆ ಕಂಬನಿ ಮಿಡಿಯುವವರಲ್ಲಿ ಹಲವರು ಆ ಬಾಗಿಲು ತೆರೆದಿದ್ದಾಗ ವರ್ಷಕ್ಕೊಮ್ಮೆಯೂ ಒಳಗೆ ಕಾಲಿಟ್ಟಿರುವುದಿಲ್ಲ ಎಂಬುದೂ ಕಹಿಯಾದ ಸತ್ಯ.

ಎಲ್ಲೆಡೆಯೂ ಕತ್ತಲೆಯಿಲ್ಲ. ಕೆಲವು ಕುಟುಂಬಗಳಲ್ಲಿ ಓದಿದ ಮಕ್ಕಳು ಮರಳಿ ಬಂದು, ಹೊಸ ಬಗೆಗಳನ್ನು ರೂಪಿಸಿ, ಅಂತರ್ಜಾಲದ ಮೂಲಕ ಪ್ರಚಾರ ಮಾಡಿ ಅಂಗಡಿಗೆ ಹೊಸ ಜೀವ ಕೊಟ್ಟಿದ್ದಾರೆ. ಅವರು ಬೆಲೆಯನ್ನೂ ಏರಿಸಿದರು, ಕೆಲಸದವರನ್ನೂ ನೇಮಿಸಿಕೊಂಡರು. ಅಂದರೆ, ತಂದೆ-ತಾಯಿಯ ಕಸುಬನ್ನು ಉಳಿಸಿಕೊಂಡು, ಅವರ ಲೆಕ್ಕವನ್ನು ಬದಲಿಸಿದರು.

ಕರ್ನಾಟಕದ ವರ್ತಕರಿಗೆ ಪಾಠ

ಡೋನಟ್ ಕರ್ನಾಟಕಕ್ಕೆ ಬಂದದ್ದು ಸರಣಿ ಮಳಿಗೆಗಳ ಮೂಲಕ. ಕ್ರಿಸ್ಪಿ ಕ್ರೀಮ್ ಬೆಂಗಳೂರಿನಲ್ಲಿ ಮಳಿಗೆ ತೆರೆದದ್ದು 2013ರಲ್ಲಿ. ಆದ್ದರಿಂದ ಬಡಾವಣೆಯ ಡೋನಟ್ ಅಂಗಡಿಯ ನೆನಪು ಇಲ್ಲಿ ಯಾರಿಗೂ ಇರಲಾರದು. ಆದರೆ ಅದೇ ಬಗೆಯ ಸಂಸ್ಥೆ ಇಲ್ಲಿಯೂ ಇದೆ. ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದು, ನೆಂಟರ ಅಂಗಡಿಯಲ್ಲಿ ಕಸುಬು ಕಲಿತು, ಬಡಾವಣೆಗೊಂದರಂತೆ ಒಲೆ ಹೂಡಿದ ಅಯ್ಯಂಗಾರ್ ಬೇಕರಿಗಳವರ ಚರಿತ್ರೆ ಕಾಂಬೋಡಿಯದವರ ಚರಿತ್ರೆಯನ್ನು ಬಹಳವಾಗಿ ಹೋಲುತ್ತದೆ. ಖಾರಾ ಬನ್ನು, ದಿಲ್‌ಪಸಂದ್‌ಗಳ ಪರಿಮಳದೊಡನೆ ಬೆಳೆದವರು ಈ ನಾಡಿನಲ್ಲಿ ಲಕ್ಷಾಂತರ. ಬೇಕರಿಯಷ್ಟೇ ಅಲ್ಲ, ಹಿಟ್ಟಿನ ಗಿರಣಿ, ಲೇತ್ ಯಂತ್ರದ ಕಾರ್ಯಾಗಾರ, ಮುದ್ರಣಾಲಯ, ಕಿರಾಣಿ ಅಂಗಡಿ ಇವೆಲ್ಲವೂ ಸ್ಥಾಪಕನ ದುಡಿಮೆ ನಿಂತ ದಿನವೇ ನಿಲ್ಲುವ ಅಪಾಯದಲ್ಲಿವೆ.

ಈ ಹಿನ್ನೆಲೆಯಲ್ಲಿ ಕೆಲವು ಕ್ರಮಗಳನ್ನು ಕಾಲ ಮೀರುವ ಮುನ್ನವೇ ಕೈಗೊಳ್ಳುವುದು ಲೇಸು. ಮಾಲೀಕನು ತನಗೂ ಮನೆಯವರಿಗೂ ಸಂಬಳವನ್ನು ಲೆಕ್ಕದಲ್ಲಿ ಬರೆದು, ಅನಂತರ ಉಳಿಯುವುದನ್ನೇ ಲಾಭವೆಂದು ಕರೆಯಬೇಕು. ಹಾಗೆ ಬರೆದಾಗ ಲಾಭವೇ ಕಾಣದಿದ್ದರೆ ಬೆಲೆ ಕಡಿಮೆಯಿದೆಯೆಂದೇ ಅರ್ಥ. ಕೈಗುಣದಲ್ಲಿ ಮಾತ್ರ ಇರುವ ಅಳತೆ, ಪ್ರಮಾಣ, ತಯಾರಿಕೆಯ ಕ್ರಮಗಳನ್ನು ಬರಹಕ್ಕಿಳಿಸಬೇಕು. ಜಾಗದ ಗುತ್ತಿಗೆ ಬಾಯಿಮಾತಿನಲ್ಲಿ ಉಳಿಯದೆ ನೋಂದಾಯಿತ ಕರಾರಾಗಬೇಕು. ಮಕ್ಕಳಿಗೆ ಇಚ್ಛೆಯಿಲ್ಲವೆಂದು ತಿಳಿದ ಕೂಡಲೇ, ಇಪ್ಪತ್ತು ವರ್ಷ ಜೊತೆಗೆ ದುಡಿದ ನಂಬಿಕಸ್ಥ ಕೆಲಸಗಾರನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುವ ಧೈರ್ಯ ತೋರಬೇಕು. ರಕ್ತಸಂಬಂಧವೊಂದೇ ಉತ್ತರಾಧಿಕಾರವೆಂಬ ಭಾವನೆ ಎಷ್ಟೋ ಒಳ್ಳೆಯ ಉದ್ದಿಮೆಗಳನ್ನು ಅಕಾಲದಲ್ಲಿ ಕೊನೆಗಾಣಿಸಿದೆ. ವಾಣಿಜ್ಯ ಸಂಘಗಳೂ ಈ ದಿಸೆಯಲ್ಲಿ ಹೊಣೆ ಹೊರಬೇಕಾಗಿದೆ. ಹೊಸ ಉದ್ಯಮ ಆರಂಭಿಸುವವರಿಗೆ ತರಬೇತಿ ನಡೆಸುವಂತೆಯೇ, ನಡೆಯುತ್ತಿರುವ ಉದ್ಯಮವನ್ನು ಮಾರಲು ಬಯಸುವ ಹಿರಿಯರನ್ನೂ ಕೊಳ್ಳಲು ಬಯಸುವ ಯುವಕರನ್ನೂ ಒಂದೆಡೆ ಸೇರಿಸುವ ವ್ಯವಸ್ಥೆಯನ್ನು ರೂಪಿಸಬಹುದು.

ಕಾಂಬೋಡಿಯದ ನಿರಾಶ್ರಿತರು ತಮ್ಮದಲ್ಲದ ನೆಲದಲ್ಲಿ, ತಮ್ಮದಲ್ಲದ ತಿಂಡಿಯಿಂದ ಒಂದು ತಲೆಮಾರನ್ನು ದಡ ಸೇರಿಸಿದರು. ಅವರ ಶ್ರಮಕ್ಕೆ ತಲೆಬಾಗಲೇಬೇಕು. ಆದರೆ ಆ ಶ್ರಮಕ್ಕೆ ಬೆಲೆ ಕಟ್ಟದೆ ಉಳಿದುದರಿಂದ ಅಂಗಡಿ ಅವರೊಡನೆಯೇ ಮುಗಿಯಿತು. ಇಂದು ಗಲ್ಲಾದ ಹಿಂದೆ ಕುಳಿತಿರುವ ಪ್ರತಿಯೊಬ್ಬ ವರ್ತಕನೂ ತನ್ನ ಲೆಕ್ಕದ ಪುಸ್ತಕ ತೆರೆದು ಕೇಳಿಕೊಳ್ಳಬೇಕಾದದ್ದು ಇಷ್ಟೇ: ನಾಳೆ ತಾನು ಬಾರದಿದ್ದರೆ ಈ ಬಾಗಿಲನ್ನು ಯಾರು ತೆರೆಯುವರು, ಮತ್ತು ತೆರೆಯುವುದರಿಂದ ಅವರಿಗೆ ಏನು ಉಳಿಯುವುದು?